ಮುಳ್ಳು ಹಾಕಿದ ಕೋಣೆಯ ಅಣಬೆ

ಮನೆಯಲ್ಲಿ ಅಣಬೆ ಬೆಳೆಯುವುದು ಹೇಗೆಂದು ಕೇಳಿಕೊಂಡು ಈಗಲೂ ಯಾರಾದರೂ ನನ್ನ ಹತ್ತಿರ ಬರುತ್ತಾರೆ. ಹೇಳಿಕೊಡುತ್ತೇನೆ. ಹೊಸ ಭತ್ತದ ಹುಲ್ಲು ತನ್ನಿ, ಮಳೆಗೆ ನೆನೆದು ಕಪ್ಪಾದದ್ದು ಬೇಡ. ಸಣ್ಣ ಸಣ್ಣ ಕಟ್ಟು ಕಟ್ಟಿ ರಾತ್ರಿಯೆಲ್ಲ ತೊಟ್ಟಿಯಲ್ಲಿ ಮುಳುಗಿಸಿಡಿ, ಬೆಳಿಗ್ಗೆ ತೆಗೆದು ನೀರು ಬಸಿಯಲು ಬಿಡಿ. ಇಷ್ಟು ಹೇಳುವವರೆಗೆ ನನ್ನ ದನಿ ಚೆನ್ನಾಗಿಯೇ ಇರುತ್ತದೆ. ನೀರು ಚಿಮುಕಿಸುವ ವಿಷಯಕ್ಕೆ ಬಂದಾಗ ಮಾತ್ರ ತಡವರಿಸುತ್ತೇನೆ. ವಯಸ್ಸಾಯಿತು, ಮರೆತುಹೋಗಿದೆ ಎಂದುಕೊಳ್ಳುತ್ತಾರೆ ಕೇಳುವವರು. ಮರೆಯುವಂಥದ್ದಾಗಿದ್ದರೆ ನಾನು ಎಂದೋ ಸುಖವಾಗಿರುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಮಾರಿಕಣಿವೆ ಅಣೆಕಟ್ಟಿನ ಕ್ವಾರ್ಟರ್ಸ್‌ನಲ್ಲಿದ್ದೆವು. ನಮ್ಮ ಯಜಮಾನರಿಗೆ ಕಾಲುವೆಗೆ ನೀರು ಬಿಡುವ ಕಡೆ ಕೆಲಸ. ಮನೆಯಲ್ಲಿ ನಾವಿಬ್ಬರು, ಶ್ರೀರಾಂಪುರದಿಂದ ಬಂದಿದ್ದ ಅತ್ತೆ, ಮತ್ತೆ ನನ್ನ ನಾದಿನಿ. ನಾದಿನಿಗೆ ಓದು ಹತ್ತಲಿಲ್ಲ, ಗಂಡು ಕೂಡಿಬಂದಿರಲಿಲ್ಲ. ‘ಕೂತು ಉಣ್ಣೋಳು’ ಎಂದು ನೆಂಟರು ಅವಳಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಆ ಮಾತು ಅವಳನ್ನು ಕೊರೆಯುತ್ತಿತ್ತು. ಹಿರಿಯೂರಿನಲ್ಲಿ ಹೆಂಗಸರಿಗೆ ಅಣಬೆ ಬೆಳೆಯುವುದನ್ನು ಹೇಳಿಕೊಡುತ್ತಾರೆಂದು ಕೇಳಿದ್ದೇ ತಡ, ಬಸ್ಸಿನಲ್ಲಿ ಓಡಾಡಿ ಕಲಿತಳು. ಕೊನೆಯ ದಿನ ಒಂದು ಬಾಟಲಿ ಬೀಜವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಬೀಜವೆಂದರೆ ಕಾಳಲ್ಲ, ಬಿಳಿ ಬೂಷ್ಟು ಹಿಡಿದ ಹುಲ್ಲಿನ ಚೂರುಗಳು.

ಅತ್ತೆ ಮೂಗು ಮುರಿದರು. ಅವರ ಮನೆತನದಲ್ಲಿ ಅಣಬೆ ತಿಂದವರೇ ಇಲ್ಲ.

“ಕೊಳೆತಿದ್ರಲ್ಲಿ ಹುಟ್ಟೋದನ್ನ ಮನೆ ಒಳಗೆ ತರ್ತಾರೇನೇ? ನಾಯಿಕೊಡೆ ಅದು.”

“ಒಂದ್ಸಲ ತಿಂದು ನೋಡವ್ವ. ಆಮೇಲೆ ನೀನೇ ಕೇಳಿ ಹಾಕಿಸ್ಕಂತೀಯ,” ಎಂದಳು ನಾದಿನಿ.

ಹಿಂದಿನ ಕೋಣೆ ಅವಳದು. ಕಿಟಕಿಯ ಕೆಳಗೆ ಇಟ್ಟಿಗೆ ಜೋಡಿಸಿ, ಮೇಲೆ ಬಿದಿರಿನ ದಬ್ಬೆ ಹಾಸಿ, ಹುಲ್ಲಿನ ಕಟ್ಟುಗಳನ್ನು ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ ಒಟ್ಟಿದಳು. ಪ್ರತಿ ಸಾಲಿನ ಅಂಚಿಗೂ ಬೀಜ ಉದುರಿಸಿ, ಅದರ ಮೇಲಿಷ್ಟು ತೊಗರಿಬೇಳೆ ಹಿಟ್ಟು ಚೆಲ್ಲಿದಳು. ಹುಲ್ಲಿಗೆ ಬೇಳೆ ಉಣಿಸುವ ಹುಡುಗಿಯನ್ನು ನೋಡಿ ಅತ್ತೆಗೆ ನಗು ಬಂತು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಮೇಲೆ ಕೋಣೆಯಲ್ಲಿ ಸೆಕೆ ಕಟ್ಟಿಕೊಂಡಿತು. ಅದೇ ಬೇಕು, ಎಂದಳು. ಕತ್ತಲೆ, ಸೆಕೆ, ತೇವ. ಗಾಳಿಗೆ ಮಾತ್ರ ಕಿಟಕಿಯ ಕದ ಸ್ವಲ್ಪ ಸರಿದಿರಬೇಕು. ಮೇಲ್ಗಡೆ ಒಣಗಲು ಬಿಡಬಾರದು. ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು, ಸುರಿಯಬಾರದು. ರಾತ್ರಿ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು.

ಆ ವಾರವೇ ಅವಳಿಗೆ ಜ್ವರ ಏರಿತು. ಡಾಕ್ಟರು ಬಂದು ಸೂಜಿ ಹಾಕಿ, ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಯಜಮಾನರು ಕಾರು ಹುಡುಕಲು ಓಡಿದರು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

“ಅತ್ತಿಗೆ, ಮೊದಲ್ನೇ ಬೆಳೆ. ಒಣಗಾಕೆ ಬಿಡಬ್ಯಾಡ್ರಿ.”

“ನಾನು ನೋಡ್ಕಂತೀನಿ. ನೀನು ಮಲಕ್ಕ,” ಎಂದೆ.

ಕಾರು ಬರುವಷ್ಟರಲ್ಲಿ ಹೋಗಿಬಿಟ್ಟಳು.

ಹೋದ ಗಳಿಗೆ ಕೆಟ್ಟ ನಕ್ಷತ್ರದಲ್ಲಿತ್ತಂತೆ. ಹಾಗೆ ಸತ್ತರೆ ನಮ್ಮ ಕಡೆ ಬಾಗಿಲಿಗೆ ಮುಳ್ಳು ಹಾಕಿ ಕೆಲವು ತಿಂಗಳು ಮನೆಯನ್ನೇ ಬಿಡುತ್ತಾರೆ. ಕ್ವಾರ್ಟರ್ಸ್ ಬಿಟ್ಟು ಎಲ್ಲಿಗೆ ಹೋಗುವುದು? ಶಾಸ್ತ್ರ ಹೇಳುವವರು ಪಂಚಾಂಗ ತಿರುವಿ ಒಂದು ದಾರಿ ತೋರಿಸಿದರು: ಅವಳು ಸತ್ತ ಆ ಹಿಂದಿನ ಕೋಣೆಯೊಂದನ್ನು ಮುಚ್ಚಿದರೆ ಸಾಕು, ಮೂರು ತಿಂಗಳು ಬಾಗಿಲು ತೆಗೆಯಬಾರದು. ಸರ್ಕಾರಿ ಮನೆಯೆಂದು ನಕ್ಷತ್ರವೂ ರಿಯಾಯಿತಿ ಕೊಟ್ಟಿತು. ಯಜಮಾನರು ಬೀಗ ಹಾಕಿ ಅಡ್ಡಕ್ಕೆ ಜಾಲಿ ಮುಳ್ಳಿನ ಕೊಂಬೆ ಕಟ್ಟಿದರು. ಅವಳ ಹುಲ್ಲು ಒಳಗೇ ಉಳಿಯಿತು.

“ಒಂದು ಗಳಿಗೆ ತೆಗೀರಿ, ನೀರು ಚಿಮುಕ್ಸಿ ಬರ್ತೀನಿ. ಅವಳಿಗೆ ಮಾತು ಕೊಟ್ಟೀನಿ,” ಎಂದೆ.

“ಅವಳೇ ಇಲ್ಲ. ಹುಲ್ಲು ಕಟ್ಕಂಡು ಏನು ಮಾಡ್ತೀಯ?” ಎಂದರು. ಅವರ ಕಣ್ಣುಗಳು ಅತ್ತು ಊದಿಕೊಂಡಿದ್ದವು. ಮತ್ತೆ ಕೇಳದೆ ಅಡುಗೆಮನೆಗೆ ಬಂದೆ.

ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಅವಳು ತನ್ನದೆಂದು ಶುರುಮಾಡಿದ್ದು ಅದೊಂದೇ. ಅದು ಬೀಗದ ಹಿಂದೆ ಒಣಗಿಹೋದರೆ, ‘ಕೂತು ಉಣ್ಣೋಳು’ ಎಂಬ ಮಾತೊಂದೇ ಅವಳ ಹೆಸರಿನಲ್ಲಿ ಉಳಿಯುತ್ತಿತ್ತು.

ಹುಲ್ಲು ಒಣಗಬೇಕಿತ್ತು, ಒಣಗಲಿಲ್ಲ. ಬಾಗಿಲ ಸಂದಿಯಿಂದ ಬರುವ ಹಸಿ ವಾಸನೆ ದಿನದಿನಕ್ಕೂ ಹೆಚ್ಚಾಯಿತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗೆ ಸದ್ದಾಯಿತು. ಪ್ಲಾಸ್ಟಿಕ್ ಹಾಳೆ ಸರಪರ ಎಂದಿತು, ಆಮೇಲೆ ಹನಿ ಬೀಳುವ ತಟತಟ. ಅಡುಗೆಮನೆಯಿಂದ ಮುಂಬಾಗಿಲಿಗೆ ಓಡಿದೆ. ಅತ್ತೆ ಹೊರಗಿನ ಕಟ್ಟೆಯ ಮೇಲೆ, ಮಾತಾಡಿಸಲು ಬಂದ ಹೆಂಗಸರ ನಡುವೆ ಕೂತಿದ್ದರು. ಮಗಳು ಹೋದಾಗಿನಿಂದ ಅವರು ಮಾತೇ ಬಿಟ್ಟಿದ್ದರು. ಯಜಮಾನರು ಕಾಲುವೆಯ ಕೆಲಸದ ಮೇಲಿದ್ದರು. ಇಲಿ ಇರಬೇಕು ಎಂದುಕೊಂಡೆ. ಇಲಿ ಹುಲ್ಲು ಕಡಿಯುತ್ತದೆ, ನೀರು ಹಾಕುವುದಿಲ್ಲ ಎಂಬುದು ನನಗೇ ಗೊತ್ತಿತ್ತು.

ಮರುದಿನವೂ ಅದೇ ಹೊತ್ತಿಗೆ ಅದೇ ಸದ್ದು. ದೆವ್ವಗಿವ್ವ ಎಂದವರನ್ನು ಗೇಲಿ ಮಾಡುತ್ತಿದ್ದವಳು ನಾನು. ಈಗ ಸಂಜೆಯಾಗುತ್ತಲೇ ಕೊಡ ಎತ್ತಿಕೊಂಡು ಬೀದಿಯ ನಲ್ಲಿಗೆ ಹೋಗಿ, ಕೊಡ ತುಂಬಿದರೂ ಅಲ್ಲೇ ನಿಂತಿರುತ್ತಿದ್ದೆ. ನಾನು ಕೊಟ್ಟ ಮಾತು ನಡೆಸಲಿಲ್ಲವೆಂದು ಅವಳೇ ತನ್ನ ಬೆಳೆ ನೋಡಿಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು. ಭಯಕ್ಕಿಂತ ಆ ಯೋಚನೆಗೇ ಹೆಚ್ಚು ಅಳು ಬರುತ್ತಿತ್ತು.

ತಿಥಿಯ ದಿನ ಮನೆ ತುಂಬ ನೆಂಟರು. ಬೇರೆ ದಿನ ಬೆಳಗಿನ ಹೊತ್ತು ನಾನು ಬಟ್ಟೆ ಒಗೆಯಲು ಕಾಲುವೆಗೆ ಹೋಗಿರುತ್ತಿದ್ದೆ. ಅಂದು ಹೋಗಲಿಲ್ಲ. ಸೌದೆಗೆಂದು ಹಿತ್ತಲಿಗೆ ಹೋದರೆ ಆ ಕಿಟಕಿಯ ಹತ್ತಿರ ಅತ್ತೆ ನಿಂತಿದ್ದರು. ನುಗ್ಗೆಕಾಯಿ ಕೀಳುವ ದೋಟಿಯನ್ನು ಸರಳುಗಳ ನಡುವೆ ತೂರಿಸಿ ಹಾಳೆಯ ಅಂಚನ್ನು ಎತ್ತಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿದ್ದ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸುತ್ತಿದ್ದರು.

“ಅತ್ತೆ,” ಎಂದೆ.

“ಬಾಗ್ಲು ತೆಗೀಬ್ಯಾಡ ಅಂದವ್ರೆ. ಕಿಟಕಿ ಸುದ್ದಿ ಯಾರೂ ಎತ್ತಿಲ್ಲ,” ಎಂದರು, ತಿರುಗಿಯೂ ನೋಡದೆ. “ಬಾ ಇಲ್ಲಿ, ನೋಡು.”

ಹುಲ್ಲಿನ ಅಂಚಿನುದ್ದಕ್ಕೂ ಪಾರಿವಾಳದ ಮೊಟ್ಟೆಯಂಥ ಬೂದುಬಿಳಿ ಮೊಗ್ಗುಗಳು. ನಡುನಡುವೆ ಸಣಕಲು ಕಾಂಡದ ಬೇರೆ ಜಾತಿಯವು ಎದ್ದು, ಕರಗಿ, ಕಪ್ಪಗೆ ಶಾಯಿ ಸುರಿಸುತ್ತಿದ್ದವು. ಅವು ಕಳೆ, ಕಿತ್ತೆಸೆಯಬೇಕು ಎಂದು ನಾದಿನಿ ಹೇಳಿದ್ದಳು. ಒಳ್ಳೆಯವನ್ನು ಕೊಡೆ ಬಿಚ್ಚುವ ಮೊದಲೇ ತಿರುಚಿ ತೆಗೆಯಬೇಕು. ನಾಳೆಗೆ ಬಿಟ್ಟರೆ ಹಾಳು. ಅತ್ತೆಯ ದಪ್ಪ ತೋಳು ಸರಳಿನಲ್ಲಿ ತೂರಲಿಲ್ಲ. ನಾನು ಭುಜದವರೆಗೆ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಯಾರಾದರೂ ಕೈ ಹಿಡಿದಾರೆಂದು ಹೆದರುತ್ತಲೇ ಒಂದೊಂದಾಗಿ ಕಿತ್ತೆ.

ತಿಥಿಯ ಎಡೆಗೆ ಅಣಬೆ ಇಡಲು ನೆಂಟರು ಬಿಡುತ್ತಿರಲಿಲ್ಲ. ಅವರೆಲ್ಲ ಉಂಡು ಬಸ್ಸು ಹತ್ತಿದ ಮೇಲೆ ಅತ್ತೆ ಹಿತ್ತಲಿನಲ್ಲಿ ಒಲೆಗೆ ಕಲ್ಲು ಹೂಡಿ, ಈರುಳ್ಳಿ ಖಾರ ಹಾಕಿ ತಾವೇ ಬೇಯಿಸಿದರು. ಜೀವಮಾನದಲ್ಲಿ ಮುಟ್ಟದ ಪದಾರ್ಥವನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

“ಚೆನ್ನಾಗೈತೆ ಕಣವ್ವ,” ಎಂದರು. ಹೇಳಿದ್ದು ನನಗಲ್ಲ, ಕಿಟಕಿಗೆ.

ಆಮೇಲೆ ನನಗೂ ಬಡಿಸಿದರು. “ಬೆಳಿಗ್ಗೆದು ನಾನು ಹಾಕ್ತಿದ್ದೆ. ಸಂಜೆ ಆ ಹೆಂಗಸ್ರು ಏಳಾಕೇ ಬಿಡ್ತಿರಲಿಲ್ಲ. ನೀನು ಕೊಡ ತಗಂಡು ಹೋಗೋದು ನೋಡಿ, ಸಂಜೆದು ನೀನು ನೋಡ್ಕಂತೀಯ ಅಂತ ಸುಮ್ಕಿದ್ದೆ.”

ತುತ್ತು ಕೈಯಲ್ಲೇ ಉಳಿಯಿತು.

“ನಾನಲ್ಲ ಅತ್ತೆ,” ಎಂದೆ. “ನಾನು ಒಂದು ಸಂಜೆನೂ ಈ ಕಡೆ ಬಂದಿಲ್ಲ.”

ಅತ್ತೆ ಹೆದರಲಿಲ್ಲ. ಕಿಟಕಿಯತ್ತ ನೋಡಿದರು. ಆಮೇಲೆ ಇನ್ನೊಂದು ಎಲೆ ತೊಳೆದು, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಅದರ ಮೇಲೆ ಹಾಕಿ, ಮಡಿಸಿ, ಸರಳುಗಳ ನಡುವಿನಿಂದ ಒಳಗಿಟ್ಟರು.

“ಉಣ್ಣವ್ವ,” ಎಂದರು. “ದುಡಿದು ಉಣ್ಣೋಳು ನೀನು.”