ಕರಿಯಕ್ಕ ಮತ್ತೆ ಕಟ್ಟಿದ ಗಂಟೆಗಳು

ಸಿದ್ದಾಪುರದ ಬಂಡೆಗುಡ್ಡಗಳ ನೆತ್ತಿ ಕೆಂಪಾಗುವ ಹೊತ್ತಿಗೆ ಕರಿಯಕ್ಕ ಕುರಿದೊಡ್ಡಿಯ ಮುಳ್ಳುಬೇಲಿಯನ್ನು ಸರಿಸುತ್ತಾರೆ. ಹೊರಬರುವ ಒಂದೊಂದು ಕುರಿಯ ಕೊರಳನ್ನೂ ಹಿಡಿದು ಗಂಟೆಯನ್ನು ಅಲುಗಿಸಿ ನೋಡುತ್ತಾರೆ. ನಾಲಗೆ ಕಳಚಿದ ಗಂಟೆ ಕೈಗೆ ಸಿಕ್ಕರೆ ಸಾಕು, ಸಿಡುಕು ಶುರು.

"ಗಂಟೇನ ಕುರಿಗೆ ಕಟ್ಟೀಯೇನೇ, ಇಲ್ಲಾ ನಿನ್ ಕಿವಿಗೆ ಕಟ್ಕಂಡೀಯಾ?" ಎಂದು ಪತಿ ಪಾಲಣ್ಣ ಜಗಲಿಯಿಂದಲೇ ಕೆಣಕುತ್ತಾರೆ.

"ಮೊದ್ಲು ನಿನ್ ಬಾಯಿಗೆ ಕಟ್ಟಬೇಕಿತ್ತು!"

ಐದು ವರ್ಷಗಳಿಂದ ಈಕೆಯ ಎರಡೂ ಕಿವಿಗಳಲ್ಲಿ ಜೀರುಂಡೆ ಕೂತಿದೆ. ಹೊರಗಿನವರಿಗೆ ಕೇಳಿಸದ, ಒಳಗೆಂದೂ ನಿಲ್ಲದ ಗುಂಯ್‌ಗುಡುವಿಕೆ ಅದು. ಕುರಿ ಕಾಯುವ ಮುನ್ನ ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ, ಶೇಂಗಾ ಸುಲಿಯುವ ಯಂತ್ರದ ಬಾಯಿಗೆ ಬುಟ್ಟಿ ಸುರಿಯುತ್ತ ಹರೆಯವನ್ನೆಲ್ಲ ಕಳೆದವರು ಕರಿಯಕ್ಕ. ಕಿವಿ ಮುಚ್ಚಿಕೋ ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ. ಕಿವಿ ಕೆಟ್ಟ ಮೇಲೆ ಹೇಳುವವರಿಗೆ ಮಾತ್ರ ಬರವಿಲ್ಲ.

"ಬೆಳ್ಳುಳ್ಳಿ ಎಣ್ಣೆ ಬಿಡು ಅಂದ್ರು, ಬಿಟ್ಟೆ. ಈರುಳ್ಳಿ ರಸ ಅಂದ್ರು, ಉರಿ ಹತ್ತಿ ಕುಣಿದೆ. ಒಬ್ಬಾಕೆ, ದೇವ್ರು ಕರೀತಾನೆ ಅಂದ್ಲು. ಕರದ್ರೆ ಒಂದ್ಸಲ ಕರೀಬೇಕಪ್ಪ! ಹಗಲೂ ರಾತ್ರೀನೂ ಕರೀತಾನಾ? ಅವ್ನಿಗೆ ಬೇರೆ ಕೆಲ್ಸ ಇಲ್ವಾ?"

ಗಂಟೆಗಳ ಸದ್ದೇ ಕಿವಿ ಹೊಕ್ಕಿದೆಯೆಂದು ಬಗೆದು, ಹೋದ ವರ್ಷ ಕರಿಯಕ್ಕ ಅಷ್ಟೂ ಗಂಟೆಗಳನ್ನು ಬಿಚ್ಚಿ ಹಳೆಯ ಸೀರೆಯಲ್ಲಿ ಗಂಟು ಕಟ್ಟಿಟ್ಟರು. ಗುಡ್ಡ ಮೌನವಾಯಿತು; ಕಿವಿ ಮೌನವಾಗಲಿಲ್ಲ. ಬಯಲೆಲ್ಲ ನಿಶ್ಶಬ್ದವಾದಂತೆ ಒಳಗಿನ ಜೀರುಂಡೆ ಇಮ್ಮಡಿಯಾಯಿತು. ಸದ್ದಿಲ್ಲದೆ ಬಂಡೆಯ ಮರೆಗೆ ಸರಿದ ಗಬ್ಬದ ಕುರಿಯೊಂದು ತೋಳದ ಪಾಲಾಯಿತು. ಪಾಲಣ್ಣ ರೋಸಿಹೋದರು. ಕುರಿಗಳನ್ನೆಲ್ಲ ಮಾರಿಬಿಡೋಣವೆಂದು ವ್ಯಾಪಾರಿಯನ್ನೇ ಕರೆತಂದರು.

"ಕುರಿ ಹೋದ್ರೆ ಮನ್ಯಾಗ್ ಕೂತು ಈ ಕಿವಿ ಕೇಳ್ಕೊಂಡು ಸಾಯ್ಲಾ ನಾನು?" ಎಂದು ಜಗಳವಾಡಿದ ಕರಿಯಕ್ಕ ದೀಪಾವಳಿಯವರೆಗೆ ಗಡುವು ಪಡೆದು ಚಳ್ಳಕೆರೆಯ ಬಸ್ಸು ಹತ್ತಿದರು.

ಅಲ್ಲಿ ಕಿವಿಯ ವೈದ್ಯೆ ದಿವ್ಯಾ ಪರೀಕ್ಷಿಸಿ, ಗಿರಣಿಯ ಅಬ್ಬರವೇ ಕಾರಣವಿರಬೇಕೆಂದರು. ಸದ್ದು ಪೂರ್ತಿ ಹೋದೀತೆಂಬ ಭರವಸೆ ಕೊಡಲಿಲ್ಲ. ಅದರೊಡನೆ ಕಾದಾಡಬೇಡಿ, ನಿಶ್ಶಬ್ದದಲ್ಲಿ ಕೂರಬೇಡಿ, ಹಿತವಾದ ಸಣ್ಣ ಸದ್ದೊಂದು ಸುತ್ತ ಇರಲಿ, ಕ್ರಮೇಣ ಮನಸ್ಸು ಕಿವಿಯೊಳಗಿನ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು.

"ಅಷ್ಟು ದೂರ ಹೋಗಿ, ಹೊಂದ್ಕೊಂಡು ಹೋಗಮ್ಮ ಅನ್ನಿಸ್ಕೊಂಡು ಬಂದೆ. ಅದನ್ನ ನಮ್ಮತ್ತೇನೇ ಹೇಳಿದ್ಲು, ಮದ್ವೆ ದಿನ!"

ಆದರೂ ಅಂದು ಸಂಜೆಯೇ ಗಂಟು ಬಿಚ್ಚಿದರು. ಮರಳಿ ಕಟ್ಟಿದ ಗಂಟೆಗಳು ಪವಾಡವನ್ನೇನೂ ಮಾಡಲಿಲ್ಲ. ತಿಂಗಳುಗಟ್ಟಲೆ ಬೈದುಕೊಂಡೇ ಕುರಿಗಳ ಹಿಂದೆ ನಡೆದ ಮೇಲೆ, ಒಂದು ಮಧ್ಯಾಹ್ನ ಜಾಲಿಯ ನೆರಳಲ್ಲಿ ಬುತ್ತಿ ಬಿಚ್ಚುವಾಗ, ಬೆಳಗಿನಿಂದ ಜೀರುಂಡೆಯ ನೆನಪೇ ಆಗಿಲ್ಲವೆಂಬುದು ಹೊಳೆಯಿತು. ನೆನೆದ ಕೂಡಲೇ ಅದು ಮತ್ತೆ ಕೂಗತೊಡಗಿತು, ಆ ಮಾತು ಬೇರೆ. ದೀಪಾವಳಿಗೆ ಮರಳಿ ಬಂದ ವ್ಯಾಪಾರಿಯನ್ನು ಬರಿಗೈಯಲ್ಲಿ ಸಾಗಹಾಕಿದವರು ಪಾಲಣ್ಣನೇ.

ಪತ್ರಿಕೆಗೆ ಬರೆಯಲೆಂದು ಬಂದ ನಾನು ಹೊರಡುವ ಮುನ್ನ, ಈಗ ಸದ್ದು ಹೇಗಿದೆಯೆಂದು ವಿಚಾರಿಸುತ್ತೇನೆ. ಕರಿಯಕ್ಕ ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ.

"ಸುಮ್ಕಿತ್ತು ಸ್ವಾಮಿ, ನೀವ್ ಕೇಳಿದ್ರಿ, ಎದ್ದು ಕೂತ್ಕಂತು! ನಂದೊಂದೇ ಆಸೆ, ಪೇಪರ್‌ನಾಗೆ ಬರೀರಿ. ಇನ್ಮೇಲೆ ಯಾರೂ ಕಿವಿ ಹೆಂಗೈತೆ ಅಂತ ಕೇಳಬ್ಯಾಡ್ರಿ. ಕುರಿ ಹೆಂಗದಾವೆ ಅಂತ ಕೇಳ್ರಿ, ಹೊತ್ತು ಮುಳುಗೋವರ್ಗೂ ಹೇಳ್ತೀನಿ."