ನನಗೆ ಸೇರದ ಹಣ್ಣಿನ ಪರವಾಗಿ

ಟೊಮೇಟೊ ಕಂಡರೆ ನನಗೆ ಹೇಸಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಅದರ ಪರವಾಗಿ ಆಡಿದ ಮಾತುಗಳು ಮುಂದೆ ಬರುತ್ತವೆ. ಅವನ್ನು ಓದಿ ಯಾರೂ ನನ್ನನ್ನು ಆ ಹಣ್ಣಿನ ಭಕ್ತೆ ಎಂದುಕೊಳ್ಳಬಾರದು. ಕೊಯ್ದರೆ ಒಳಗೆ ಲೋಳೆ, ಲೋಳೆಯ ತುಂಬ ಬೀಜ, ಗದ್ದೆಯ ನೀರಿನಲ್ಲಿ ಕಪ್ಪೆ ಮೊಟ್ಟೆ ಇಟ್ಟ ಹಾಗೆ. ಗಿಡ ಮುಟ್ಟಿದರೆ ಬೆರಳೆಲ್ಲ ಹಸಿರು ಜಿಡ್ಡು. ಆ ವಾಸನೆ ಸೀಗೆಪುಡಿಗೂ ಬಗ್ಗುವುದಿಲ್ಲ. ಬೇಯಿಸಿದರೆ ಸಿಪ್ಪೆ ಸುರುಳಿ ಸುತ್ತಿಕೊಂಡು ಅಂಗುಳಿಗೆ ಅಂಟುತ್ತದೆ, ಸುಟ್ಟ ಗಾಯದ ಪೊರೆ ಎದ್ದ ಹಾಗೆ. ಇಷ್ಟು ಸಾಕು. ಬೇಕಾದರೆ ಇನ್ನೂ ಹೇಳಬಲ್ಲೆ.

ನಮ್ಮದು ಸೋಮವಾರಪೇಟೆ ಕಡೆಯ ಮನೆ. ಲಿಂಗ ಕಟ್ಟಿದವರು, ಬಾಡು-ಮಾಂಸ ಮುಟ್ಟದವರು. ನಾನು ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ಕಲಿತದ್ದರಲ್ಲಿ ಮನೆಯವರಿಗೆ ಗೊತ್ತಾಗುತ್ತಿದ್ದದ್ದು ಒಂದೇ, ವಾದ ಮಾಡುವುದು. ಚರ್ಚಾಕೂಟದಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಕೊಡಗು ತನ್ನದೇ ರಾಜ್ಯವಾಗಿ ಉಳಿಯಬೇಕೋ, ಮೈಸೂರಿಗೆ ಸೇರಬೇಕೋ ಎಂದು ಆಗ ಎಲ್ಲರ ಜಗಲಿಯಲ್ಲೂ ಮಾತು ನಡೆಯುತ್ತಿತ್ತು. ನಾನು ಒಂದು ತಿಂಗಳು ಉಳಿಯಬೇಕೆಂದು ಗೆದ್ದೆ, ಮುಂದಿನ ತಿಂಗಳು ಸೇರಬೇಕೆಂದು ಗೆದ್ದೆ. ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಅಜ್ಜಿ, ಹಾಗಾದರೆ ನಿನ್ನ ಮಾತನ್ನು ಸಂತೆಗೆ ಇಟ್ಟರೂ ಯಾರೂ ಕೊಳ್ಳುವುದಿಲ್ಲ ಎಂದಿದ್ದಳು. ಅಂದಿನಿಂದ ನಾನು ಅವಳ ಬಾಯಲ್ಲಿ ವಕೀಲಮ್ಮ.

ನಮ್ಮ ಮನೆಯಲ್ಲಿ ಒಲೆಗೆ ಒಂದು ಕಟ್ಟಳೆ ಉಂಟು. ಹೊಸ ಸೊಸೆ ಬಂದ ಕೂಡಲೇ ಒಲೆಯ ಮುಂದೆ ಕೂರುವಂತಿಲ್ಲ. ಅರೆಯಬಹುದು, ಹೆಚ್ಚಬಹುದು, ಪಾತ್ರೆ ಬೆಳಗಬಹುದು, ನೀರು ಸೇದಬಹುದು. ಬೆಂಕಿ ಮಾತ್ರ ಅತ್ತೆಯದು. ಮನೆಯ ಹಿರಿಯಳು ಒಂದು ಸೋಮವಾರ ಪೂಜೆ ಮುಗಿಸಿ, ಸೊಸೆ ಒಬ್ಬಳೇ ಮಾಡಿದ ಅಡುಗೆಯನ್ನು ಎಲೆಯಲ್ಲಿ ಬಿಡದೆ ಉಂಡರೆ, ಅತ್ತೆಯಾದವಳು ಒಲೆ ಊದುವ ಕೊಳವೆಯನ್ನು ತೆಗೆದು ಸೊಸೆಗೆ ಕೊಡಬೇಕು. ಅಲ್ಲಿಗೆ ಒಲೆ ಅವಳದು. ಅಕ್ಕಪಕ್ಕದ ಮನೆಗಳಲ್ಲಿ ಇದು ಮದುವೆಯಾದ ತಿಂಗಳಲ್ಲೇ ಮುಗಿಯುವ ಶಾಸ್ತ್ರ. ನಮ್ಮ ಅತ್ತಿಗೆ ಬಂದು ಎರಡು ಕಾಫಿ ಕೊಯ್ಲು ಕಳೆದಿದ್ದರೂ ಆ ಸೋಮವಾರ ಬಂದಿರಲಿಲ್ಲ.

ಕಾರಣವನ್ನು ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ಅತ್ತಿಗೆಯ ತಂದೆ ಮಾದಾಪುರದ ಬಳಿ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಮ್ಮವರೇ, ಲಿಂಗ ಕಟ್ಟಿದವರೇ. ಆದರೆ ಅವಳು ಬೆಳೆದದ್ದು ಕೂಲಿಯವರ ಲೈನ್‌ಗಳಿಗೂ ಬಂಗಲೆಗೂ ನಡುವಿನ ಮನೆಯಲ್ಲಿ. ಬಂಗಲೆಯ ಅಡುಗೆಮನೆಯ ಹಿಂಬಾಗಿಲಿಗೆ ಸೊಪ್ಪು ಕೊಡಲು ಹೋಗಿ, ಅಲ್ಲಿ ಏನೇನು ಬೇಯುತ್ತದೆಂದು ನೋಡಿದವಳು. ಅಷ್ಟು ಸಾಕಾಗಿತ್ತು. ಅವಳು ಅರೆದ ಚಟ್ನಿ ತಿನ್ನಬಹುದು, ಬೇಯಿಸಿದ ಅನ್ನ ತಿನ್ನಬಾರದು. ಒರಳಿನವರೆಗೆ ಶುದ್ಧವಾಗಿರುವ ಕೈ ಒಲೆಯ ಹತ್ತಿರ ಬಂದ ಕೂಡಲೇ ಮೈಲಿಗೆಯಾಗುವ ಈ ತರ್ಕ ನನಗೆ ಟೊಮೇಟೊಗಿಂತ ಹೆಚ್ಚು ಹೇಸಿಗೆ ತರಿಸುತ್ತಿತ್ತು. ಅಣ್ಣನ ಮೌನ ಅದಕ್ಕಿಂತ ಒಂದು ಕೈ ಮೇಲು. ಹೆಂಡತಿಯ ಮಾತು ಬಂದರೆ ಅವನು ಚಾವಣಿಯ ಹೆಂಚು ಎಣಿಸುತ್ತಿದ್ದ.

ಕೊಯ್ಲಿನ ರಜೆಗೆ ನಾನು ಬಂದಾಗ ಅತ್ತಿಗೆ ಕಣದಲ್ಲಿ ಕಾಫಿ ಹಣ್ಣು ತಿರುವಿ ಹಾಕುತ್ತಿದ್ದಳು. ಬರುವ ಸೋಮವಾರ ತನ್ನ ಕೈ ಊಟ ಉಣ್ಣಲು ಅಜ್ಜಿ ಒಪ್ಪಿದ್ದಾಳೆ ಎಂದಳು. ನಿನಗೆ ಬರುವುದನ್ನು ಮಾಡು, ನೋಡೋಣ ಎಂದಿದ್ದಳಂತೆ. ಏನು ಮಾಡುತ್ತೀ ಎಂದು ಕೇಳಿದೆ. ಬಚ್ಚಲಿನ ಹಿಂದೆ ನೀರು ಹೋಗುವ ಕಡೆ ಅವಳೇ ತವರಿನಿಂದ ಬೀಜ ತಂದು ಹಾಕಿದ್ದ ಟೊಮೇಟೊ ಗಿಡಗಳನ್ನು ಗದ್ದ ಎತ್ತಿ ತೋರಿಸಿ, ಹಣ್ಣಿನೊಳಗೆ ತುಂಬಿಸಿ ಬೇಯಿಸುತ್ತೇನೆ ಎಂದಳು. ಅಜ್ಜಿ ಅದನ್ನು ಬಂಗಲೆ ಹಣ್ಣು ಎನ್ನುತ್ತಿದ್ದಳು. ಅವ್ವ ಹೆಸರನ್ನೂ ಎತ್ತುತ್ತಿರಲಿಲ್ಲ.

ನಾನು ಮಣೆ ಹಾಕಿ ಕುಳಿತು ವಾದಿಸಿದೆ. ಕುಂಬಳಕಾಯಿ ಪಲ್ಯ ಮಾಡು, ಅಕ್ಕಿ ರೊಟ್ಟಿ ತಟ್ಟು, ಹಿತಕಿದವರೆ ಹುಳಿ ಮಾಡು, ಯಾರೂ ಸೊಲ್ಲೆತ್ತದೆ ಉಂಡು ಏಳುತ್ತಾರೆ. ನಿನ್ನ ಮೇಲಿರುವ ದೂರೇ ಬಂಗಲೆಯದ್ದು, ನೀನು ಬಂಗಲೆಯ ಹಣ್ಣನ್ನೇ ಎಲೆಗೆ ಬಡಿಸುವೆಯಾ? ಅದೂ ಬಂಗಲೆಯವರ ಹಾಗೆ ಹೊಟ್ಟೆ ಕೊರೆದು, ತುಂಬಿಸಿ? ನಾನು ಸುಮ್ಮನಾಗುವವರೆಗೂ ಅವಳು ಹಣ್ಣು ತಿರುವುತ್ತಲೇ ಇದ್ದಳು.

"ರೊಟ್ಟಿ ಅತ್ತೆಗೂ ಬರ್ತದೆ, ಮಾರಾಯ್ತಿ," ಎಂದಳು ಆಮೇಲೆ. "ನಂಗೆ ಅಂತ ಬರೋದು ಇದು. ಇದನ್ನ ಮುಚ್ಚಿಟ್ಟು ಒಲೆ ತಗೊಂಡ್ರೆ, ದಿನಾ ಮುಚ್ಚಿಡ್ಬೇಕಾಗ್ತದೆ."

ಸೋಮವಾರ ಅಜ್ಜಿ ಬೇಡ ಎಂದರೆ ಮಾದಾಪುರದ ಬಸ್ಸು ಹತ್ತುತ್ತೇನೆ, ಮತ್ತೆ ಬರುವುದಿಲ್ಲ ಎಂದೂ ಹೇಳಿದಳು. ಅದನ್ನು ಹೇಳುವಾಗಲೂ ಹಣ್ಣು ತಿರುವುವ ಹಲುಬೆ ನಿಲ್ಲಲಿಲ್ಲ. ಚೀಟಿ ಎತ್ತದೆಯೇ ನನಗೆ ಪರ ಬಂದಿತ್ತು.

ಸೋಮವಾರ ಬೆಳಿಗ್ಗೆ ಹಣ್ಣು ತೋಡುವ ಕೆಲಸ ನನ್ನ ಪಾಲಿಗೆ ಬಿತ್ತು. ನೆತ್ತಿಯನ್ನು ಮುಚ್ಚಳದ ಹಾಗೆ ಕೊಯ್ದು, ಚಮಚದ ಹಿಡಿಯಿಂದ ಒಳಗಿನದನ್ನು ಬಳಿದು ತೆಗೆಯಬೇಕು, ಗೋಡೆ ಹರಿಯಬಾರದು. ಚಮಚ ಒಳಗೆ ಹೋದಾಗ ಒಂದು ಸದ್ದು ಬರುತ್ತದೆ, ಕೆಸರಿನಿಂದ ಕಾಲು ಕಿತ್ತಾಗ ಬರುವ ಸದ್ದು. ಬೋಗುಣಿಯಲ್ಲಿ ಕೆಂಪು ಲೋಳೆ ಏರುತ್ತ ಹೋಯಿತು. ನಾನು ಮುಖ ಆಚೆ ತಿರುಗಿಸಿಕೊಂಡು ಕೈ ಅಂದಾಜಿನಲ್ಲಿ ತೋಡಿದೆ. ಬೀಜದ ಲೋಳೆ ಮೊಣಕೈವರೆಗೆ ಇಳಿಯಿತು. ಅತ್ತಿಗೆ ಉಪ್ಪು ಸವರಿ ಅವನ್ನು ಬೋರಲು ಹಾಕಿದಳು. ಬಂಗಲೆಯಲ್ಲಿ ಇದರೊಳಗೆ ಕೊಚ್ಚಿದ ಮಾಂಸ ತುಂಬುತ್ತಿದ್ದರಂತೆ. ಅವಳ ತಾಯಿ ಅದನ್ನು ಬಾಗಿಲಿನಿಂದ ನೋಡಿ ಬಂದು, ಮನೆಯಲ್ಲಿ ಅಕ್ಕಿ ತರಿ ತುಂಬುತ್ತಿದ್ದಳಂತೆ. ಅತ್ತಿಗೆ ತರಿಯನ್ನು ಮೆತ್ತಗೆ ಬೇಯಿಸಿ, ಹಿತಕಿದ ಅವರೆ, ಕಾಯಿತುರಿ, ಹಸಿಮೆಣಸು, ತುಪ್ಪ ಸೇರಿಸಿದಳು. ತುಂಬಿ, ಮುಚ್ಚಳ ಇಟ್ಟು, ದಪ್ಪ ತಳದ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮೇಲಿನ ತಟ್ಟೆಯ ಮೇಲೆ ಕೆಂಡ ಹರಡಿದಳು.

ತುಂಬುವ ಮುಂಚೆ ಇನ್ನೊಂದು ಕೆಲಸ ಮಾಡಿದಳು. ಸಣ್ಣ ಸೀಸೆಯಿಂದ ಕಪ್ಪಗಿನ ರಸವನ್ನು ಬೆರಳಿಗೆ ಹನಿಸಿಕೊಂಡು ಹಣ್ಣಿನ ಒಳಗೋಡೆಗೆ ಸವರಿದಳು. ಕಾಚಂಪುಳಿ, ಕಾಡಿನ ಹುಳಿಹಣ್ಣನ್ನು ಕುದಿಸಿ ಇಳಿಸಿದ ರಸ. ಬಂಗಲೆಯಲ್ಲಿ ವಿನೆಗರ್ ಹಾಕುತ್ತಿದ್ದರು, ನಮಗೆ ಇದೇ ಎಂದಳು.  ಪಕ್ಕದ ಕೊಡವರ ಮನೆಯಲ್ಲಿ ಹಂದಿ ಬೇಯುವಾಗ ಗಾಳಿಯಲ್ಲಿ ಬರುವುದು ಇದೇ ವಾಸನೆ. ಹಂದಿಯನ್ನು ಕಣ್ಣಲ್ಲಿ ಕಂಡು ಮೂಗು ಮುಚ್ಚಿಕೊಳ್ಳುವ ನಮ್ಮ ಜನಕ್ಕೆ ಹಂದಿ ಸಾರಿನ ವಾಸನೆ ಎಂದರೆ ಕಾಚಂಪುಳಿಯ ವಾಸನೆ, ಬೇರೆ ಯಾವುದೂ ಗೊತ್ತಿಲ್ಲ. ಅದನ್ನು ಹೇಳಲೋ ಬೇಡವೋ ಎಂದುಕೊಳ್ಳುತ್ತಿರುವಷ್ಟರಲ್ಲಿ ಕೆಂಡ ಮೇಲೇರಿತ್ತು.

ಅಪ್ಪ ಏಲಕ್ಕಿ ಮಾರಲು ಪೇಟೆಗೆ ಹೋಗಿದ್ದರು. ಅಜ್ಜಿ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದು ಕುಳಿತಳು. ಒಂದು ಪಕ್ಕ ಅಣ್ಣ, ಇನ್ನೊಂದು ಪಕ್ಕ ನಾನು, ಎದುರಿಗೆ ಅವ್ವ. ಅತ್ತಿಗೆ ಒಬ್ಬೊಬ್ಬರ ಎಲೆಗೂ ಎರಡೆರಡು ಇಟ್ಟಳು. ಸಿಪ್ಪೆ ಅಲ್ಲಲ್ಲಿ ಸೀಳಿ, ಬಿಳಿ ತರಿ ಹೊರಗೆ ಇಣುಕುತ್ತಿತ್ತು. ಸುತ್ತ ಕೆಂಪು ನೀರು ಎಲೆಯ ದಂಟಿನತ್ತ ಹರಿಯಿತು. ಬಾಯಿ ತೆರೆದ ಗಾಯ ಎರಡು. ನೋಡಲಾಗದೆ ನಾನು ಉಪ್ಪಿನಕಾಯಿಯನ್ನು ನೋಡಿದೆ.

ಅವ್ವ ಎಲೆಯನ್ನು ಬೆರಳ ತುದಿಯಿಂದ ಮುಂದೆ ತಳ್ಳಿದಳು. "ಹಂದಿ ಸಾರಿನ ವಾಸನೆ," ಎಂದಳು.

 ಅತ್ತಿಗೆ ಸೌಟು ಹಿಡಿದು ನಿಂತೇ ಇದ್ದಳು. ಅಣ್ಣ ಹೆಂಚು ಎಣಿಸತೊಡಗಿದ. ನಾನು ಎದ್ದು ನಿಂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದೆ. ಹಂದಿ ತಿನ್ನದವರಿಗೆ ಅದರ ವಾಸನೆ ಗೊತ್ತಾದದ್ದು ಹೇಗೆ? ಗೊತ್ತಿದ್ದರೆ ತಿಂದಿರಬೇಕು, ತಿಂದಿಲ್ಲವಾದರೆ ಗೊತ್ತಿರಬಾರದು. ಕಾಡಿನ ಹಣ್ಣಿನ ಹುಳಿಯನ್ನು ಯಾರೋ ಯಾವುದಕ್ಕೋ ಹಾಕಿದರೆ ಹುಳಿಗೆ ಜಾತಿ ಬರುತ್ತದೆಯೇ? ಹಾಗಾದರೆ ಉಪ್ಪನ್ನೂ ಬಿಡಬೇಕು, ಅದನ್ನೂ ಅದೇ ಸಾರಿಗೆ ಹಾಕುತ್ತಾರೆ. ನೆಂದ ನಾಯಿಯಂಥ ವಾಸನೆಯ ಬಿದಿರ ಕಳಲೆಯನ್ನು ನೀರಲ್ಲಿ ಕೊಳೆಯಿಸಿ ಚಪ್ಪರಿಸಿ ತಿನ್ನುವವರು ನಾವು. ಕಾಲೇಜಿನಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ಸೀಸೆ ತಾ ಎಂದು ಅತ್ತಿಗೆಗೆ ಹೇಳಿದಳು. ಅಂಗೈಗೆ ಒಂದು ಹನಿ ಬಿಡಿಸಿಕೊಂಡು ನೆಕ್ಕಿದಳು. ಮುಖ ಕಿವುಚಿದಳು.

"ಹುಳಿ," ಎಂದಳು. "ಬರೀ ಹುಳಿ ಕಣೇ."

ಆಮೇಲೆ ಹಣ್ಣನ್ನು ಬೆರಳಿನಿಂದ ಮುರಿದು ಬಾಯಿಗಿಟ್ಟುಕೊಂಡಳು. ಅವಳಿಗೆ ಹಲ್ಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದವಳು. ಆ ಮೆತ್ತಗಿನ ಬೆಂದ ಹಣ್ಣು, ಮೆತ್ತಗಿನ ತರಿ ಅವಳ ವಸಡಿನ ನಡುವೆ ಹೇಗೆ ಕರಗಿತೆಂದರೆ ಅವಳು ಕಣ್ಣು ಮುಚ್ಚಿಕೊಂಡಳು. ಗದ್ದದ ಮೇಲೆ ಕೆಂಪು ರಸ ಇಳಿಯಿತು. ಒಂದು ಬೀಜ ತುಟಿಯ ಅಂಚಿಗೆ ಅಂಟಿಕೊಂಡಿತು. ನಾನು ಪರವಾಗಿ ವಾದಿಸಿದ್ದು ಇದೇ ದೃಶ್ಯಕ್ಕಾದರೂ ಮತ್ತೆ ಉಪ್ಪಿನಕಾಯಿಯತ್ತ ತಿರುಗಿದೆ.

ನೀನು ಏಕೆ ತಿನ್ನುತ್ತಿಲ್ಲ ಎಂದು ಅವ್ವ ಕೇಳಿದ್ದು ಆಗಲೇ. ಅಷ್ಟು ಮಾತಾಡಿದೆಯಲ್ಲ, ತಿನ್ನು ಎಂದಳು. ಎಲ್ಲರೂ ನನ್ನ ಎಲೆ ನೋಡಿದರು, ಅಣ್ಣನೂ ಹೆಂಚಿನಿಂದ ಇಳಿದು ನೋಡಿದ. ನಾನು ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ಅಂಗುಳಿಗೆ ಅಂಟಿತು. ನಾಲಿಗೆಯಿಂದ ಎಬ್ಬಿಸಲು ಹೋದರೆ ಲೋಳೆ ಗಂಟಲಿಗೆ ಇಳಿಯಿತು. ಎದ್ದು ಓಡಿ ಬಚ್ಚಲಿನಲ್ಲಿ ಉಗುಳಿದೆ. ಅಲ್ಲಿಗೂ ಹಿಂದಿನ ಗಿಡಗಳ ಹಸಿ ವಾಸನೆ ಬರುತ್ತಿತ್ತು; ಉಳಿದದ್ದೂ ಹೊರಗೆ ಬಂತು.

ಬಾಯಿ ತೊಳೆದು ಬರುವಷ್ಟರಲ್ಲಿ ಅವ್ವನ ಮುಖ ಗೆಲುವಾಗಿತ್ತು. "ನೋಡಿದ್ರಾ," ಎಂದಳು ಅಜ್ಜಿಗೆ. "ಅವಳ ಪರ ಮಾತಾಡೋಳೇ ಉಗಿದು ಬಂದ್ಳು. ಇಂಥದ್ದು ಬೇಯ್ಸೋ ಕೈಗೆ ಒಲೆ ಕೊಡಬೇಕಾ?"

ಅತ್ತಿಗೆ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಅವಳ ಕಣ್ಣಿನಲ್ಲಿ ಮಾದಾಪುರದ ಬಸ್ಸು ಕಾಣುತ್ತಿತ್ತು. ನನಗೆ ಗೊತ್ತಿದ್ದ ವಾದಗಳೆಲ್ಲ ವಾಂತಿಯ ಜೊತೆ ಹೋಗಿದ್ದವು. ಉಳಿದಿದ್ದದ್ದು ನಿಜ ಒಂದೇ.

"ಹೌದು ಉಗಿದೆ," ಎಂದೆ. "ನಂಗೆ ಇದು ಸೇರಲ್ಲ. ಇದರ ಹೆಸರೆತ್ತಿದ್ರೆ ಹೇಸಿಗೆ. ಅವ್ವ, ನಿನ್ನ ಮೆಂತ್ಯದ ಗೊಜ್ಜನ್ನೂ ನಾನು ಚಿಕ್ಕೋಳಿದ್ದಾಗಿಂದ ಇದೇ ಬಚ್ಚಲಲ್ಲಿ ಉಗೀತಾ ಬಂದಿದ್ದೀನಿ. ಅದಕ್ಕೆ ಯಾರಾದ್ರೂ ನಿನ್ನ ಒಲೆ ಮುಂದಿಂದ ಎಬ್ಬಿಸಿದ್ರಾ?"

ಅಜ್ಜಿ ನಕ್ಕಳು. ಬಾಯಿಯಲ್ಲಿ ತುತ್ತು ಇತ್ತು, ಅದೆಲ್ಲ ಕಾಣುವಂತೆ ನಕ್ಕಳು. ಅಣ್ಣ ತಲೆ ತಗ್ಗಿಸಿ ಎಲೆಯಲ್ಲಿದ್ದ ಎರಡನ್ನೂ ತಿಂದು ಮುಗಿಸಿ, ಇನ್ನೊಂದು ಹಾಕು ಎಂದ. ಮದುವೆಯಾದ ಮೇಲೆ ನಮ್ಮೆಲ್ಲರ ಎದುರಿಗೆ ಅವನು ಹೆಂಡತಿಯ ಜೊತೆ ಆಡಿದ ಮೊದಲ ಮಾತು ಅದೇ ಇರಬೇಕು.

ಅವ್ವ ಮಾತ್ರ ನಗಲಿಲ್ಲ. ಅಲ್ಲಿಯವರೆಗೆ ನಾನು ಅಜ್ಜಿಯನ್ನು ಎದುರಾಳಿ ಎಂದುಕೊಂಡಿದ್ದೆ. ಎರಡು ಕೊಯ್ಲಿನಷ್ಟು ಕಾಲ ಸೋಮವಾರಗಳನ್ನು ಮುಂದೂಡಿದ್ದು ಅಜ್ಜಿಯಲ್ಲ, ಅಜ್ಜಿಗೆ ಮೈ ಸರಿಯಿಲ್ಲ, ಇವತ್ತು ಅಮಾವಾಸ್ಯೆ, ಇವತ್ತು ನೆಂಟರಿದ್ದಾರೆ ಎಂದು ಹೇಳುತ್ತಿದ್ದ ಅವ್ವ. ಬಂಗಲೆಯ ವಾಸನೆ ಎಂದು ಮೂಗು ಮುರಿದವಳೂ ಅವಳೇ. ಹೇಸಿಗೆ ಎಂಬುದು ಎಷ್ಟು ಅನುಕೂಲದ ವಸ್ತು! ಒಲೆ ಬಿಟ್ಟುಕೊಡಲು ಮನಸ್ಸಿಲ್ಲ ಎಂದು ಹೇಳಿದರೆ ಸಣ್ಣವಳಾಗುತ್ತಾಳೆ. ವಾಸನೆ ಎಂದರೆ ಆಚಾರವಂತಳಾಗುತ್ತಾಳೆ. ಅವ್ವನನ್ನು ಹೀಗೆ ಬರೆಯುವುದು ನನಗೆ ಹಿತವಲ್ಲ. ಆದರೆ ನಾನು ಕಂಡದ್ದು ಇದು.

ಅಜ್ಜಿ ಎಲೆಯಲ್ಲಿ ಒಂದು ಅಗುಳೂ ಬಿಡದೆ ಬೆರಳು ನೆಕ್ಕಿಕೊಂಡಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ನಿನಗೆ ಒಲೆ ಕೊಟ್ಟ ದಿನ ನೀನು ಹುಳಿಗೆ ಉಪ್ಪೇ ಹಾಕಿರ್ಲಿಲ್ಲ," ಎಂದಳು. "ಉಂಡೆ. ಎಲೇಲಿ ಬಿಡದೆ ಉಂಡೆ. ಇವತ್ತಿನವರೆಗೂ ಯಾರ ಹತ್ರಾನೂ ಹೇಳಿಲ್ಲ. ಏಳು, ಕೊಳವೆ ಕೊಡು."

 ಅವ್ವ ಎದ್ದು, ಒಲೆಯ ಪಕ್ಕದಿಂದ ಊದುಗೊಳವೆ ತೆಗೆದು, ಸೆರಗಿನಿಂದ ಅದರ ಮಸಿ ಒರೆಸಿದಳು. ಸೊಸೆಯ ಕೈಗೆ ಕೊಡಲಿಲ್ಲ. ನೆಲದ ಮೇಲೆ, ಇಬ್ಬರ ನಡುವೆ ಇಟ್ಟಳು. ಅತ್ತಿಗೆ ಬಗ್ಗಿ ಎತ್ತಿಕೊಂಡಳು. ಕೊಟ್ಟದ್ದೋ ಇಟ್ಟದ್ದೋ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಆ ದಿನ ನಾನು ನುಂಗಿದ್ದು ಅದೊಂದನ್ನೇ.

ಮುಂದಿನ ಸೋಮವಾರ ನಾನು ಮಡಿಕೇರಿಗೆ ಹೊರಡಲು ಚೀಲ ಕಟ್ಟುತ್ತಿದ್ದೆ. ಅತ್ತಿಗೆ ಒಲೆಯ ಮುಂದೆ ಕುಳಿತಲ್ಲಿಂದಲೇ ಕರೆದಳು. ಮೊರದಲ್ಲಿ ಹಣ್ಣುಗಳಿದ್ದವು, ಪಕ್ಕದಲ್ಲಿ ಬೋಗುಣಿ, ಚಮಚ. ಅಜ್ಜಿ ಇನ್ನೊಮ್ಮೆ ಕೇಳಿದ್ದಾಳಂತೆ. ನಾನು ಅವಳ ಪರವಾಗಿ ನಿಂತದ್ದನ್ನೂ, ನನ್ನ ಹೊಟ್ಟೆಯ ಸ್ಥಿತಿಯನ್ನೂ, ಬಸ್ಸಿನ ಹೊತ್ತನ್ನೂ ನೆನಪಿಸಿದೆ. ಅವಳು ಕೊಳವೆ ಬಾಯಿಗಿಟ್ಟು ಬೆಂಕಿ ಊದಿ, ಹೊಗೆಗೆ ಕಣ್ಣು ಒರೆಸಿಕೊಂಡಳು.

"ಒಲೆ ಯಾರದ್ದು ಅನ್ನೋದು ತೀರ್ಮಾನ ಆಯ್ತಲ್ಲ," ಎಂದಳು. "ಕೂತ್ಕೊ. ತೋಡು."

ಕೂತೆ. ಮುಖ ಆಚೆ ತಿರುಗಿಸಿಕೊಂಡು ತೋಡಿದೆ. ಮಡಿಕೇರಿ ಮುಟ್ಟುವವರೆಗೂ ಬಸ್ಸಿನಲ್ಲಿ ಬೆರಳನ್ನು ಕಿಟಕಿಯ ಹೊರಗೆ ಹಿಡಿದುಕೊಂಡೇ ಕುಳಿತಿದ್ದೆ.