ಕಲ್ಲಿನ ಮರಿಗೆಯಲ್ಲಿ ಹವಳ

ಸಮುದ್ರದ ಬಗ್ಗೆ ನಮ್ಮ ಕಡೆಯವರು ಮಾತನಾಡುವುದನ್ನು ಕೇಳಿದರೆ ಅದು ಪಕ್ಕದ ಮನೆಯಲ್ಲೇ ಇದೆ ಎಂದುಕೊಳ್ಳಬೇಕು. ಮಳೆ ಬರುವುದು ಅಲ್ಲಿಂದ, ಉಪ್ಪು ಬರುವುದು ಅಲ್ಲಿಂದ, ಸೆಕೆಯ ಸಂಜೆ ಒಂದಿಷ್ಟು ಗಾಳಿ ಬೀಸಿದರೆ ಅದರ ಶ್ರೇಯಸ್ಸೂ ಅದಕ್ಕೇ. ಹೀಗೆ ದಿನವೂ ಅದರ ಹೆಸರೆತ್ತುತ್ತಿದ್ದ ನಾನು ಮದುವೆಯಾಗಿ ಬಂಟ್ವಾಳಕ್ಕೆ ಬರುವವರೆಗೂ, ಬಂದಮೇಲೂ ಸಾಕಷ್ಟು ಕಾಲ, ಸಮುದ್ರವನ್ನು ನೋಡಿರಲಿಲ್ಲ. ನನ್ನ ತವರು ಅಳದಂಗಡಿಯ ಹತ್ತಿರ. ಅಲ್ಲಿಂದ ಮೂಡಬಿದ್ರೆಯ ಬಸದಿಗೆ ಹೋಗಿದ್ದೆ, ವೇಣೂರಿನ ನೆಂಟರ ಮನೆಗೆ ಹೋಗಿದ್ದೆ. ಮಂಗಳೂರಿಗೆ ಹೋಗಬೇಕಾದರೆ ಮಾತ್ರ ಯಾರಿಗಾದರೂ ದೊಡ್ಡ ಕಾಯಿಲೆಯಾಗಬೇಕಿತ್ತು, ಇಲ್ಲವೇ ಕೋರ್ಟಿನ ಕೆಲಸ ಬೀಳಬೇಕಿತ್ತು. ನಮ್ಮದು ಆರೋಗ್ಯವಂತರ ಮನೆ, ಜಗಳವೂ ಕಡಿಮೆ. ಹಾಗಾಗಿ ಸಮುದ್ರ ತಪ್ಪಿತು.

ಕೊನೆಗೆ ಅದೇ ನಮ್ಮ ಮನೆಗೆ ಬಂತು. ತರಿಸಿದವರು ನನ್ನ ಗಂಡ.

ಇವರು ಸರಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್. ಮದುವೆಗೆ ಮೊದಲು ಅಮೀನಿ ದ್ವೀಪದಲ್ಲಿದ್ದರು. ಆಗ ಆ ದ್ವೀಪಗಳು ನಮ್ಮ ಜಿಲ್ಲೆಗೇ ಸೇರಿದ್ದವು ಎಂದರೆ ಈಗಿನವರು ನಂಬುವುದಿಲ್ಲ. ಬೆಳ್ತಂಗಡಿಗೆ ಯಾವ ಕಲೆಕ್ಟರೋ ಸಮುದ್ರದ ನಡುವಿನ ಆ ತೆಂಗಿನ ತೋಪುಗಳಿಗೂ ಅವರೇ. ಹಾಯಿಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಅಲ್ಲಿಗೆ ಹೋದ ಈ ಜೈನರ ಹುಡುಗ, ಮೀನಿಲ್ಲದೆ ಒಲೆ ಹೊತ್ತಿಸದ ಊರಿನಲ್ಲಿ ಅನ್ನ, ಕಾಯಿಹಾಲು, ಬೆಲ್ಲ ಉಂಡುಕೊಂಡು ಎರಡು ವರ್ಷ ಕಳೆದರು. ಆಮೇಲೆ ದ್ವೀಪಗಳನ್ನು ಕೇಂದ್ರ ಸರಕಾರ ವಹಿಸಿಕೊಂಡಿತು. ಇವರು ವರ್ಗವಾಗಿ ಬಂಟ್ವಾಳಕ್ಕೆ ಬಂದರು. ಬಂದಮೇಲೆ ಮದುವೆ ಗೊತ್ತಾಯಿತು. ಸಂಗತಿಗಳು ಇದೇ ಕ್ರಮದಲ್ಲಿ ನಡೆದವು ಎಂದು ನಾನು ತಿಳಿದಿದ್ದೆ.

ಮದುವೆಯಾದ ಹೊಸತರಲ್ಲಿ ಗಂಡಂದಿರು ಹೆಂಡತಿಯ ಕೊರಳಿನ ಬಗ್ಗೆ ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂದು ಕೇಳಿದ್ದೆ. ಇವರು ನನ್ನ ಕೊರಳಿನ ಹವಳದ ಸರವನ್ನು ಬಹಳ ಹೊತ್ತು ನೋಡಿ, "ಪಾಪ" ಎಂದರು. ನನಗೆ ಗಾಬರಿಯಾಯಿತು. "ಇದೆಲ್ಲ ಜೀವ ಇದ್ದದ್ದು" ಎಂದು ಆಮೇಲೆ ವಿವರಿಸಿದರು. ದ್ವೀಪದ ಸುತ್ತ ಹವಳದ ಬಂಡೆಗಳ ಒಂದು ಕೋಟೆ ಉಂಟಂತೆ. ಅದರೊಳಗೆ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿರುತ್ತದಂತೆ. ಇಳಿತದ ಹೊತ್ತಿಗೆ ಅದರಲ್ಲಿ ನಡೆದುಕೊಂಡು ಹೋದರೆ ಕಾಲ ಬುಡದಲ್ಲೇ ಕಲ್ಲಿನ ಜಿಂಕೆಕೊಂಬು, ಕಲ್ಲಿನ ಅಣಬೆ, ಕಲ್ಲಿನ ಕೋಸುಗಡ್ಡೆ. ಸಂಜೆಯಾಗುತ್ತಿದ್ದ ಹಾಗೆ ಆ ಕಲ್ಲುಗಳು ಅರಳುತ್ತವಂತೆ.

ಮಾತು ಕಡಿಮೆಯ ಮನುಷ್ಯ ಇವರು. ಆಸ್ಪತ್ರೆಯಲ್ಲಿ ಇಡೀ ದಿನ ಆಡುತ್ತಿದ್ದದ್ದು "ಊಟವಾದ ಮೇಲೆ", "ಕುಲುಕಿಸಿ ಕುಡಿಯಿರಿ" ಎಂಬೆರಡೇ ಮಾತು. ಆದರೆ ಹೊತ್ತು ಮುಳುಗುವ ಮೊದಲು ನಮ್ಮ ಊಟ ಮುಗಿದು, ಜಗಲಿಯಲ್ಲಿ ಕುಳಿತರೆಂದರೆ ದ್ವೀಪ ಶುರುವಾಗುತ್ತಿತ್ತು. ಅಲ್ಲಿ ಒಂದು ನಾಯಿಯೂ ಇಲ್ಲವಂತೆ, ರಾತ್ರಿಯಿಡೀ ಅಲೆಯ ಸದ್ದು ಮಾತ್ರವಂತೆ. ಮೊದಮೊದಲು ನಾನು ಅಕ್ಕಿ ಆರಿಸುತ್ತ ಹೂಂಗುಟ್ಟುತ್ತಿದ್ದೆ. ಕೆಲವು ತಿಂಗಳಾದ ಮೇಲೆ, ಇವರು ಸುಮ್ಮನೆ ಕುಳಿತ ದಿನ "ಆ ಕೋಸುಗಡ್ಡೆಯ ಕಲ್ಲಿನ ವಿಷಯ ಹೇಳಿ" ಎಂದು ನಾನೇ ಕೇಳತೊಡಗಿದೆ.

ಒಂದು ದಿನ ಇವರು, "ಒಂದು ಹವಳ ತರಿಸಿ ಸಾಕುವ" ಎಂದರು. ಬೆಕ್ಕು ಸಾಕುವ ಎಂದ ಹಾಗೆ.

ಗಾಜಿನ ತೊಟ್ಟಿಯ ಪ್ರಯತ್ನ ಮೊದಲು ನಡೆಯಿತು. ಹಲಸಿನ ಹಲಗೆಯ ಪೆಟ್ಟಿಗೆಗೆ ಕಿಟಕಿಯ ಗಾಜು ಕೂರಿಸಿ, ಸಂದಿಗೆಲ್ಲ ರಾಳ ಮೆತ್ತಿ, ನೀರು ತುಂಬಿಸಿ, ಇಬ್ಬರೂ ಎದುರು ಕುಳಿತೆವು. ಅದು ಮೊದಲು ಬೆವರಿತು, ಆಮೇಲೆ ಅಳತೊಡಗಿತು, ಅಡುಗೆಮನೆಯ ಹೊಸಿಲು ದಾಟಿತು. ಇವರು ಅಂಗಳಕ್ಕೆ ಹೋಗಿ ಸುತ್ತಲೂ ನೋಡಿದರು. ಬಾಡಿಗೆ ಮನೆಯ ಹಟ್ಟಿಯಲ್ಲಿ ದನಕ್ಕೆ ಅಕ್ಕಚ್ಚು ಕೊಡುವ ಕಲ್ಲಿನ ಮರಿಗೆ ಇತ್ತು. ಒಂದೇ ಕಲ್ಲಿನಲ್ಲಿ ಕಡೆದದ್ದು. ಸೋರುವ ಪ್ರಶ್ನೆಯೇ ಇಲ್ಲ.

"ದನಕ್ಕೆ?" ಎಂದೆ.

"ಅದಕ್ಕೆ ಬಾಲ್ದಿಯಲ್ಲಿ ಕೊಡುವ. ಅದು ಏನೂ ಹೇಳುವುದಿಲ್ಲ."

ದನ ಏನೂ ಹೇಳಲಿಲ್ಲ; ಬಾಲ್ದಿಯನ್ನು ದಿನವೂ ಮಗುಚಿ ಹಾಕುತ್ತಿತ್ತು. ಮರಿಗೆ ಹಿಂದಿನ ಜಗಲಿಗೆ ಬಂತು. ಅದರ ನೇರಕ್ಕೆ ಮಾಡಿನ ಹಂಚುಗಳನ್ನು ತೆಗೆಸಿ ಗಾಜಿನ ಹಂಚು ಹಾಕಿಸಿದರು, ಬಿಸಿಲು ಬೀಳಬೇಕಲ್ಲ. ನೀರಿನದೇ ದೊಡ್ಡ ಪಂಚಾಯಿತಿ. ಔಷಧ ಬೆರೆಸುವ ಕೈ; ಬಾವಿಯ ನೀರಿಗೆ ಅಡುಗೆಯ ಉಪ್ಪು ಹಾಕಿ, ನಾಲಿಗೆಯಿಂದ ನೋಡಿ, "ಇದೇ ರುಚಿ" ಎಂದು ತೀರ್ಮಾನಿಸಿದರು. ಪರೀಕ್ಷೆಗೆಂದು ಕಡಲತಡಿಯ ಬಂಡೆಯಿಂದ ತರಿಸಿದ ಬಸವನಹುಳುಗಳು ಆ ರುಚಿಯನ್ನು ಒಪ್ಪಲಿಲ್ಲ, ಒಂದೊಂದಾಗಿ ಹೋದವು. ಆ ದಿನ ಇವರು ಊಟ ಮಾಡಲಿಲ್ಲ. ಆಮೇಲೆ ಉಪ್ಪಿನ ಡಬ್ಬಿಯನ್ನು ಮುಟ್ಟಲಿಲ್ಲ. ನೇತ್ರಾವತಿಯಲ್ಲಿ ಮಂಗಳೂರಿಗೆ ಹೋಗಿಬರುವ ದೋಣಿಯವನೊಬ್ಬನಿಗೆ ಹೇಳಿ, ಅಳಿವೆಯ ಆಚೆಯ ಕಡಲಿನ ನೀರನ್ನೇ ಮಣ್ಣಿನ ಹಂಡೆಗಳಲ್ಲಿ ತರಿಸಿದರು.

"ಉಪ್ಪು ತರಿಸುವವರು ಪೇಟೆಯಲ್ಲಿ ತುಂಬ ಮಂದಿ ಉಂಟು" ಎಂದ ಅವನು ಹಂಡೆ ಇಳಿಸುತ್ತ. "ಉಪ್ಪುನೀರು ತರಿಸುವವರು ನೀವೊಬ್ಬರೇ ಮಾರಾಯ್ರೆ."

ಹೀಗೆ ನಾನು ಸಮುದ್ರವನ್ನು ಮೊದಲು ಕಂಡೆ. ನೀಲಿಯಾಗಿರಲಿಲ್ಲ. ಹಂಡೆಯ ಬಣ್ಣಕ್ಕಿತ್ತು.

ಮಳೆ ಮುಗಿದು ದ್ವೀಪದ ಹಡಗುಗಳು ಹಗ್ಗ, ಬೆಲ್ಲ ಹೇರಿಕೊಂಡು ಮಂಗಳೂರಿನ ಬಂದರಿಗೆ ಬರುವ ಕಾಲ ಅದು. ಅದರಲ್ಲೊಂದರಲ್ಲಿ ಕುಂಞಿಕೋಯ ಎಂಬ ಖಲಾಸಿ ಇದ್ದ. ದ್ವೀಪದಲ್ಲಿ ಅವನ ತಾಯಿಯ ಕಾಲಿನ ಹುಣ್ಣಿಗೆ ಇವರು ಮದ್ದು ಕಟ್ಟಿದ್ದರು. ಇವರು ಕೇಳಿಕೊಂಡದ್ದಕ್ಕೆ, ಮುಂದಿನ ಸಲ ಅವನು ಮರದ ಬಾನಿಯಲ್ಲಿ ಹವಳವನ್ನಿಟ್ಟು, ದಾರಿಯುದ್ದಕ್ಕೂ ಬೆಳಿಗ್ಗೆ ಬೆಳಿಗ್ಗೆ ಹೊಸ ನೀರು ಹಾಕುತ್ತ ತಂದ. ಇವರು ಮಂಗಳೂರಿಗೆ ಹೋಗಿ, ಮೀನಿನ ಬುಟ್ಟಿಗಳ ನಡುವೆ ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬಂದರು.

ನಾನು ಬಾನಿಯೊಳಗೆ ಇಣುಕಿದೆ. ಕಂದುಬಣ್ಣದ, ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಲ್ಲು. ಮೈಯೆಲ್ಲ ಜೇನು ಬಿಟ್ಟುಹೋದ ಎರಿಯ ಹಾಗೆ ತೂತು. ಇಷ್ಟು ತಿಂಗಳು ಕೇಳಿದ ಕತೆಗೆ ಇದೇನು ಎಂದು ನನ್ನ ಮುಖ ಸಪ್ಪಗಾಗಿರಬೇಕು.

"ಅದಕ್ಕೆ ಪ್ರಯಾಣದ ಆಯಾಸ ಉಂಟು. ಸ್ವಲ್ಪ ದಿನ ಬಿಡು" ಎಂದರು ಇವರು, ಬಂದ ನೆಂಟರ ಬಗ್ಗೆ ಹೇಳುವ ಹಾಗೆ.

ಕೆಲವು ದಿನಗಳ ನಂತರ, ದೀಪ ಹಚ್ಚುವ ಹೊತ್ತು, ನಾನು ಹಿಂದಿನ ಜಗಲಿಗೆ ಹೋದೆ. ಕಲ್ಲಿನ ಪ್ರತಿಯೊಂದು ತೂತಿನಿಂದಲೂ ಕೂದಲೆಳೆಯಂಥ ಬೆರಳುಗಳು ಹೊರಬಂದು ನೀರಿನಲ್ಲಿ ತೂಗುತ್ತಿದ್ದವು. ತೆಳು ಹಸಿರು. ಇವರನ್ನು ಕರೆಯಬೇಕೆಂದು ಬಾಯಿ ತೆರೆದವಳು ಕರೆಯಲಿಲ್ಲ. ಸ್ವಲ್ಪ ಹೊತ್ತು ನಾನೊಬ್ಬಳೇ ನೋಡುವ ಅನ್ನಿಸಿತು.

ನೀರು ಅಲುಗುತ್ತಿರಬೇಕು, ಇಲ್ಲದಿದ್ದರೆ ಹವಳಕ್ಕೆ ಉಸಿರಿಲ್ಲ. ಅದಕ್ಕೆ ಇವರು ತಾಮ್ರದ ಚೆಂಬಿನ ತಳಕ್ಕೆ ತೂತು ಕೊರೆದು, ಜಂತಿಗೆ ತೂಗುಹಾಕಿ, ಮರಿಗೆಯ ನೀರನ್ನೇ ಅದಕ್ಕೆ ಎತ್ತಿ ಹೊಯ್ಯುವ ಏರ್ಪಾಡು ಮಾಡಿದರು. ಹನಿ ತಪ್ಪದೆ ಬೀಳುತ್ತಿತ್ತು. ಮಾರನೆಯ ಸಂಜೆ ಹವಳ ಅರಳಲಿಲ್ಲ. ಅದರ ಮರುದಿನ ಮೈಮೇಲೆ ಲೋಳೆ ಕಟ್ಟಿತು. ಇವರು ಮರಿಗೆಯ ಅಂಚು ಹಿಡಿದು ಕುಕ್ಕರಗಾಲಲ್ಲಿ ಕುಳಿತೇ ಇದ್ದರು. ಚೆಂಬಿನ ತೂತಿನ ಸುತ್ತ ಹಸಿರು ಕಿಲುಬು ಹಿಡಿದದ್ದು ಕಂಡದ್ದೇ ತಡ, ಅದನ್ನು ಕಿತ್ತು ಅಂಗಳಕ್ಕೆ ಎಸೆದರು.

"ಅಡಿಕೆಗೆ ಬಿಡುವ ಮೈಲುತುತ್ತ ಇದೇ ತಾಮ್ರದ್ದಲ್ಲವಾ" ಎಂದರು. "ಕೊಳೆರೋಗವನ್ನೇ ಕೊಲ್ಲುವಂಥದ್ದು. ನಾನು ಇದಕ್ಕೆ ಕುಡಿಸಿದ್ದೇನೆ."

ಇದ್ದ ನೀರನ್ನೆಲ್ಲ ಚೆಲ್ಲಿ, ಹಂಡೆಯಲ್ಲಿ ಉಳಿದ ಕಡಲನೀರು ತುಂಬಿದೆವು. ಚೆಂಬಿನ ಜಾಗಕ್ಕೆ ಮಣ್ಣಿನ ಕುಡಿಕೆ ಬಂತು.

ಸರಿಯಾಗಿ ಆ ವಾರವೇ ಮಾವ ಮೂಡಬಿದ್ರೆಯಿಂದ ಸಿದ್ಧಕಟ್ಟೆಯ ಬಸ್ಸಿನಲ್ಲಿ ಬಂದಿಳಿದರು. ನೀರು ಸೋಸದೆ ಕುಡಿಯದವರು, ಇರುವೆ ಕಂಡರೆ ದಾರಿ ಬಿಡುವವರು. ಮನೆಯೊಳಗೆ ಕಡಲಿನ ಪ್ರಾಣಿಯೊಂದು ಕಾಯಿಲೆ ಮಲಗಿರುವುದನ್ನು ಅವರಿಗೆ ಹೇಗೆ ಹೇಳುವುದು ಎಂದು ನಾವು ಹೆದರಿದ್ದೆವು. ಕೈಕಾಲು ತೊಳೆಯಲು ಹಿಂದೆ ಹೋದವರು ತಾವೇ ಕಂಡರು.

"ಏನಿದು?"

"ಹವಳ" ಎಂದರು ಇವರು.

"ಏನು ತಿನ್ನುತ್ತದೆ?"

"ಹೆಚ್ಚಾಗಿ ಬಿಸಿಲು."

ಹೆಚ್ಚಾಗಿ ಎನ್ನುವ ಮಾತನ್ನು ಮಾವ ವಿಚಾರಿಸಲಿಲ್ಲ, ನಮ್ಮ ಪುಣ್ಯ; ಉಳಿದದ್ದು ನೀರಿನೊಳಗಿನ ಸಣ್ಣ ಸಣ್ಣ ಜೀವಿಗಳು. ಮಣೆ ತರಿಸಿಕೊಂಡು ಮರಿಗೆಯ ಪಕ್ಕ ಕುಳಿತರು. ನಮ್ಮ ಶಾಸ್ತ್ರಗಳಲ್ಲಿ ಹವಳವನ್ನು ಪೃಥ್ವೀಕಾಯದಲ್ಲಿ ಸೇರಿಸಿದ್ದಾರೆ ಎಂದು ನನಗೆ ಹೇಳಿದವರು ಅವರೇ. ಮಣ್ಣೇ ಮೈಯಾಗಿ ಉಳ್ಳ ಜೀವ. ಅದಕ್ಕೆ ಇರುವುದು ಸ್ಪರ್ಶ ಎಂಬ ಒಂದೇ ಇಂದ್ರಿಯ. ಇವರು ಓದಿದ ಪುಸ್ತಕಗಳು ಅದನ್ನು ಪ್ರಾಣಿ ಎನ್ನುತ್ತವೆ, ಅಕ್ಕಸಾಲಿ ಕಲ್ಲು ಎನ್ನುತ್ತಾನೆ. ಯಾರು ಸರಿಯೋ ನನಗೆ ತಿಳಿಯದು. ಆದರೆ ಕಣ್ಣಿಲ್ಲದೆ, ಕಿವಿಯಿಲ್ಲದೆ, ಮುಟ್ಟಿದ್ದನ್ನು ಮಾತ್ರ ಬಲ್ಲ ಒಂದು ಜೀವಕ್ಕೆ ಸಮುದ್ರವೆಂದರೆ ಏನಿರಬಹುದು, ನಮ್ಮ ಮರಿಗೆ ಏನಿರಬಹುದು ಎಂದು ಆ ದಿನ ಮೊದಲ ಬಾರಿ ಯೋಚಿಸಿದೆ.

ಹೊರಡುವ ದಿನ ಮಾವ ಮಗನನ್ನು ಕೇಳಿದರು: "ಇದು ಬದುಕೀತು ಅಂತ ಕಾಣ್ತದೆ. ಆದರೆ ಇಲ್ಲಿಗೆ ಬರಬೇಕು ಅಂತ ಇದಕ್ಕಿತ್ತಾ?"

ಇವರು ಮರಿಗೆಯ ನೀರನ್ನು ಎತ್ತಿ ಕುಡಿಕೆಗೆ ಹೊಯ್ದರು.

ಹವಳ ಬದುಕಿತು. ಚಳಿಗಾಲ ಕಳೆಯಿತು. ಇವರು ಆಸ್ಪತ್ರೆಗೆ ಹೋದಮೇಲೆ ಅದರ ಆರೈಕೆ ನನ್ನದು. ಬಿಸಿಲಿಗೆ ನೀರು ಆರಿ ಕಡಿಮೆಯಾದಷ್ಟನ್ನು ಬಾವಿಯ ಸಿಹಿನೀರಿನಿಂದಲೇ ತುಂಬಬೇಕು, ಏಕೆಂದರೆ ಉಪ್ಪು ಆರುವುದಿಲ್ಲ. ಬಿಸಿಲಿನ ಚೌಕ ಸರಿದ ಹಾಗೆ ಕಲ್ಲನ್ನೂ ಬೆರಳ ತುದಿಯಿಂದ ಸರಿಸಬೇಕು. ಇದೆಲ್ಲ ನನಗೆ ಕರಗತವಾಯಿತು. ವಿಚಿತ್ರವೆಂದರೆ, ನಾನು ಮರಿಗೆಯ ಪಕ್ಕ ಕುಳಿತಷ್ಟೂ ಗೆಲುವಾಗುತ್ತಿದ್ದೆ, ಇವರು ಸೊರಗುತ್ತಿದ್ದರು. ಒಂದು ಕಲ್ಲು ಎದುರಿಗಿದ್ದದ್ದರಿಂದ ಇಲ್ಲದ ಸಾವಿರ ಕಲ್ಲುಗಳು ನೆನಪಾಗುತ್ತಿದ್ದವೋ ಏನೋ. ನೋಡುವಾಗ ಇವರ ಕಣ್ಣು ನೀರಿನ ಮೇಲಿರುತ್ತಿತ್ತು, ಮನಸ್ಸು ನೀರಿನ ಆಚೆ ಎಲ್ಲೋ.

ಏಪ್ರಿಲಿನ ಕೊನೆಗೆ ಮೋಡ ಕಟ್ಟತೊಡಗಿತು. ಹವಳದ ಒಂದು ಮಗ್ಗುಲು ಬೆಳ್ಳಗಾಯಿತು. ಮಳೆಗಾಲವಿಡೀ ಬಿಸಿಲಿಲ್ಲ, ದೋಣಿಯಲ್ಲಿ ಕಡಲನೀರು ಬರುವುದೂ ಇಲ್ಲ.

"ಕಳಿಸುವ" ಎಂದೆ ನಾನು.

"ಇರಲಿ. ಏನಾದರೂ ಮಾಡುವ."

"ಏನು ಮಾಡ್ತೀರಿ? ಇದು ನಮ್ಮ ಜಗಲಿಯಲ್ಲಿ ಸತ್ತರೆ ಆಮೇಲೆ ನಿಮಗೆ ಆ ದ್ವೀಪದ ಮಾತೆತ್ತಲಿಕ್ಕೂ ಆಗುವುದಿಲ್ಲ."

ನಾನು ಹಾಗೆ ಮಾತನಾಡಿದ್ದು ಅದೇ ಮೊದಲು. ಇವರು ಎದ್ದು ಹೋಗಿ ಬಾನಿಯನ್ನು ತೊಳೆದರು.

ದ್ವೀಪದ ಹಡಗುಗಳು ಅಕ್ಕಿ ಹೇರಿಕೊಂಡು ಮಳೆಗೆ ಮೊದಲು ಕೊನೆಯ ಸಲ ಹೊರಡುವ ಹೊತ್ತಿಗೆ ನಾವಿಬ್ಬರೂ ಬಂದರಿಗೆ ಹೋದೆವು. ಬಸ್ಸಿನಲ್ಲಿ ಬಾನಿ ನನ್ನ ಮಡಿಲಲ್ಲಿತ್ತು. ತಿರುವು ತಿರುವಿಗೂ ಸೀರೆ ನೆನೆಯಿತು. ಅಲ್ಲಿ ಹಡಗುಗಳ ಹಾಯಿಕಂಬಗಳ ನಡುವಿನಿಂದ, ಅಳಿವೆಯ ಆಚೆ, ಬಿಳಿಯ ಗೆರೆಯೊಂದು ಏಳುತ್ತ ಬೀಳುತ್ತ ಕಂಡಿತು. "ಅದೇ" ಎಂದರು ಇವರು. ನಾನು ತಲೆಯಾಡಿಸಿದೆ. ಬಾನಿ ಚೆಲ್ಲದ ಹಾಗೆ ನೋಡಿಕೊಳ್ಳುವುದೇ ಆಗ ದೊಡ್ಡ ಕೆಲಸವಾಗಿತ್ತು.

ಕುಂಞಿಕೋಯ ತನ್ನ ದ್ವೀಪದ ಭಾಷೆಗೆ ಬಂದರಿನ ಕನ್ನಡ ಬೆರೆಸಿ ಮಾತನಾಡುತ್ತಿದ್ದ. ಬಾನಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನನಗೆ ಹೇಳಿದ: "ನಮ್ಮ ಡಾಕ್ಟರು ಅಲ್ಲೇ ಇರ್ತಿದ್ದರು ಅಮ್ಮ. ಕೆಲಸ ಉಂಟು, ಇರಿ ಅಂತ ದೊಡ್ಡವರು ಹೇಳಿದ್ದರು. ಮದುವೆ ಗೊತ್ತಾಯಿತು ಅಂತ ಬಂದುಬಿಟ್ಟರು."

ಇವರು ಆಚೆಗೆ ಹಡಗಿನ ಹಗ್ಗ ಹಿಡಿದು ನಿಂತಿದ್ದರು. ಕಟ್ಟೆಗೂ ಹಡಗಿಗೂ ನಡುವೆ ಒಂದು ಹಲಗೆ ಅಷ್ಟೇ. ಇವರು ಅದನ್ನೇ ನೋಡುತ್ತಿದ್ದರು. ಬಸ್ಸಿಗೆ ಹೊತ್ತಾಯಿತು ಎನ್ನಬಹುದಿತ್ತು, ನಾನು ಎನ್ನಲಿಲ್ಲ. ಇವರೇ ಹಗ್ಗ ಬಿಟ್ಟು ತಿರುಗಿ ಬಂದರು.

ಬಸ್ಸು ಊರು ದಾಟಿದ ಮೇಲೆ ಕೇಳಿದೆ. "ನನ್ನನ್ನು ಮದುವೆಯಾಗಲಿಕ್ಕೆ ಬಂದದ್ದಂತೆ ಹೌದಾ?"

ಇವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಅಲ್ಲಿ ಕುಡಿಯುವ ನೀರಿಗೂ ಸ್ವಲ್ಪ ಉಪ್ಪಿನಂಶ. ತರಕಾರಿ ಇಲ್ಲ. ನೀನು ಬಂದರೆ ಏನು ಉಣ್ಣುತ್ತಿದ್ದೆ?"

"ಆಗ ನೀವು ನನ್ನನ್ನು ನೋಡಿಯೇ ಇರಲಿಲ್ಲ."

"ನೋಡಿರಲಿಲ್ಲ" ಎಂದು ಒಪ್ಪಿಕೊಂಡರು.

ಮಳೆಗಾಲ ಮುಗಿದಾಗ ಕುಂಞಿಕೋಯ ಬಂದರಿನಿಂದ ಬಂಟ್ವಾಳದವರೆಗೂ ಬಂದ. ಹವಳವನ್ನು ತನ್ನ ಮನೆಯೆದುರಿನ ನೀರಿನಲ್ಲೇ ಇಟ್ಟಿದ್ದಾನಂತೆ. ಬಿಳಿಯಾದ ಮಗ್ಗುಲಿಗೆ ಬಣ್ಣ ಬಂದಿದೆಯಂತೆ. "ಅಷ್ಟೊಂದರ ನಡುವೆ ಅದೇ ಅಂತ ಹೇಗೆ ಗುರುತು?" ಎಂದರು ಇವರು. "ನನಗೆ ಗೊತ್ತಾಗುವುದಿಲ್ಲ. ನನ್ನ ಹೆಂಡತಿಗೆ ಗೊತ್ತು. ಇಳಿತದಲ್ಲಿ ಹೋಗಿ ನೋಡಿ ಬರ್ತಾಳೆ. ಬಂಟ್ವಾಳದ ಅಮ್ಮ ಹೇಗಿದ್ದಾರೆ ಅಂತ ಕೇಳ್ತಾಳೆ" ಎಂದ. ನಾನು ಒಳಗೆ ಹೋಗಿ, ಅವಳಿಗೆಂದು ಹಲಸಿನ ಹಪ್ಪಳ ಕಟ್ಟಿಕೊಟ್ಟೆ. ಅವಳ ಹೆಸರು ಕೇಳಲು ಮರೆತೆ.

ನಾವು ಮತ್ತೆ ಹವಳ ಸಾಕಲಿಲ್ಲ. ಅಮೀನಿಗೂ ಹೋಗಲಿಲ್ಲ. ಸರಕಾರದ ಅಪ್ಪಣೆ ಬೇಕಿತ್ತು, ಮಕ್ಕಳಾದರು, ಬೆಳ್ತಂಗಡಿಗೆ ವರ್ಗವಾಯಿತು, ಕಾರಣಗಳಿಗೆ ಕೊರತೆಯೇ? ದ್ವೀಪದ ಮಾತು ಮಾತ್ರ ನಿಲ್ಲಲಿಲ್ಲ. ಆಡುವವರು ಬದಲಾದರು. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಮಾಸ್ತರರ ಹೆಂಡತಿಗೆ ನಾನು ಅಲ್ಲಿನ ಮರಳು, ಗಾಳಿ, ಹೆಂಗಸರು ಹಗ್ಗ ಹೊಸೆಯುವ ರೀತಿ ಎಲ್ಲ ವರ್ಣಿಸುತ್ತಿದ್ದೆ. ಆಕೆ ನಾನು ಅಲ್ಲಿಯೇ ಹುಟ್ಟಿದವಳೆಂದುಕೊಂಡೇ ಮನೆಗೆ ಹೋದಳು. ಒಳಗೆ ಮಲಗಿದ್ದ ಇವರು ಎಲ್ಲವನ್ನೂ ಕೇಳಿಸಿಕೊಂಡಿರಬೇಕು.

"ಅಲ್ಲ, ಅಲ್ಲಿ ನಾಯಿಗಳು ಇದ್ದುವಾ?" ಎಂದು ಒಳಗಿನಿಂದಲೇ ಕೇಳಿದರು. ಮರೆತು ಕೇಳಿದರೋ, ನನ್ನ ಬಾಯಿಂದ ಕೇಳಬೇಕೆಂದು ಕೇಳಿದರೋ ತಿಳಿಯಲಿಲ್ಲ.

"ಇಲ್ಲ" ಎಂದೆ. "ಅಲ್ಲಿ ನಾಯಿಗಳೇ ಇಲ್ಲ."

"ಹಾಗಾದರೆ ಒಳ್ಳೆಯ ನಿದ್ದೆ ಬರ್ತಿತ್ತು."

"ಬರ್ತಿತ್ತು" ಎಂದೆ.